ಅರೆಬೆಂದ ಬ್ರೇಕಿನಲ್ಲಿ ಬೆಟ್ಟ ಇಳಿದ ದಿನ

ಬದನವಾಳಿನಲ್ಲಿ ಬೆಳಗಿನ ರೈಲು ಹತ್ತಿ ನಂಜನಗೂಡಿನಲ್ಲಿ ಇಳಿದಾಗ ಆರೂಮುಕ್ಕಾಲು. ಟಿಕೆಟ್ಟಿಗೆ ಎರಡು ರೂಪಾಯಿ. ದಿನವೂ ಬರುವ ದಾರಿಯೇ. ಆದರೆ ಆ ದಿನ ಎರಡು ಗಂಟೆ ಮೊದಲೇ ಹೊರಟಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ, ಏಪ್ರಿಲ್ ತಿಂಗಳು. ಹಿಂದಿನ ದಿನದ ಕಾವು ಪ್ಲಾಟ್‌ಫಾರಂ ಕಲ್ಲಿನಲ್ಲಿ ಇನ್ನೂ ಆರಿರಲಿಲ್ಲ. ಆಟೋ ಹಿಡಿದು ಕಾರ್ಖಾನೆಯ ಗೇಟಿಗೆ ಬಂದರೆ ಬಿಳಿಯ ಅಂಬಾಸಿಡರ್ ಕಾರು ಆಗಲೇ ರಸ್ತೆಗೆ ಮುಖ ಮಾಡಿ ನಿಂತಿತ್ತು.

ನಮ್ಮದು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆ. ಒಟ್ಟು ಇಪ್ಪತ್ತಾರು ಜನ. ಕಾರಿನ ಬ್ರೇಕಿಗೆ ಹಾಕುವ ಪ್ಯಾಡ್ ತಯಾರಿಸುತ್ತಿದ್ದೆವು. ಗಾಲಿಯ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಅಂಗೈಯಗಲದ ಬಿಲ್ಲೆ ಅದು. ನಾರು, ಲೋಹದ ಪುಡಿ, ಅಂಟು ರಾಳ ಎಲ್ಲವನ್ನೂ ತೂಗಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕೊನೆಗೆ ದೊಡ್ಡ ಒಲೆಯಲ್ಲಿ ಎಂಟು ಗಂಟೆ ಬೇಯಿಸಬೇಕು. ಆ ಒಲೆಯ ಜವಾಬ್ದಾರಿ ನನ್ನದು. ಬಿ.ಎಸ್ಸಿ. ಮುಗಿಸಿ ಸೇರಿದ್ದೆ, ಸೇರಿ ಮೂರು ವರ್ಷವಾಗಿತ್ತು. ಬೆಂದ ಬಿಲ್ಲೆಗಳ ಗಟ್ಟಿತನ ನೋಡಿ, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕುವವಳೂ ನಾನೇ.

ನಂಜನಗೂಡು, ನರಸೀಪುರದ ಟ್ಯಾಕ್ಸಿಯವರು ವಾರಕ್ಕೆರಡು ಸಲ ಊಟಿ ಹತ್ತಿ ಇಳಿಯುವವರು. ಘಟ್ಟದಲ್ಲಿ ಬ್ರೇಕು ಕಾದು ಹಿಡಿತ ಬಿಡುತ್ತದೆ ಎನ್ನುವುದು ಅವರ ನಿತ್ಯದ ಗೋಳು. ಅಂಥವರಿಗಾಗಿಯೇ ನಮ್ಮ ಮಾಲೀಕರು, ಶ್ರೀಕಂಠಯ್ಯನವರು, ಹೆಚ್ಚು ಬಿಸಿ ತಾಳುವ ಹೊಸ ಪಾಕವೊಂದನ್ನು ಎರಡು ವರ್ಷ ಕೂತು ಕಟ್ಟಿದ್ದರು. ಅವರೊಬ್ಬ ಇಂಜಿನಿಯರ್. ತಂದೆ ಮಠದ ಪಾಠಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಹೊಸ ಬಿಲ್ಲೆಯನ್ನು ನಿಜವಾದ ಬೆಟ್ಟದ ರಸ್ತೆಯಲ್ಲಿ ಪರೀಕ್ಷಿಸಿ ಬರಲು ಆ ದಿನ ನಮ್ಮನ್ನು ಮಲೆ ಮಹದೇಶ್ವರ ಬೆಟ್ಟಕ್ಕೆ ಕಳಿಸುತ್ತಿದ್ದರು. ಹೋಗುತ್ತಾ ನೂರಮೂವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಬರುತ್ತಾ ಅಷ್ಟೇ.

ನಮ್ಮನ್ನು ಎಂದರೆ ನನ್ನನ್ನು ಮತ್ತು ಪುಟ್ಟಸ್ವಾಮಣ್ಣನನ್ನು. ಪುಟ್ಟಸ್ವಾಮಣ್ಣ ಕಾರ್ಖಾನೆಯ ಡ್ರೈವರು, ಮೆಕ್ಯಾನಿಕ್ಕು ಎರಡೂ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಬೆಟ್ಟದ ರಸ್ತೆಗಳಲ್ಲಿ ಖಾಸಗಿ ಬಸ್ಸು ಓಡಿಸಿದವನು. ಐವತ್ತೈದು ದಾಟಿತ್ತು. ಅವನು ಓಡಿಸಬೇಕು, ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು. ಬಿಲ್ಲೆಯೊಳಗೆ ಸಣ್ಣ ತೂತು ಕೊರೆದು ಉಷ್ಣತೆ ಅಳೆಯುವ ತಂತಿ ಕೂರಿಸಿದ್ದೆವು. ತಂತಿ ಬಾನೆಟ್ಟಿನ ಸಂದಿಯಿಂದ ಒಳಗೆ ಬಂದು ನನ್ನ ತೊಡೆಯ ಮೇಲಿದ್ದ ಮೀಟರಿಗೆ ಸೇರುತ್ತಿತ್ತು. ಅದರಲ್ಲಿ ಎರಡು ಮುಳ್ಳು. ಮುಂದಿನ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು.

“ಅವಸರ ಬೇಡ,” ಎಂದರು ಶ್ರೀಕಂಠಯ್ಯನವರು, ಕಿಟಕಿಗೆ ಬಗ್ಗಿ. “ಇಳಿಯುವಾಗ ಪ್ರತಿ ತಿರುವಿನಲ್ಲೂ ಎಷ್ಟು ಡಿಗ್ರಿ ಅಂತ ಬರೆಯಿರಿ ಸರೋಜ. ಇದೊಂದು ಸರಿಹೋದರೆ ಎಲ್ಲಾ ಊರಿಗೂ ಕಳಿಸೋಣ.”

“ನರಸೀಪುರಕ್ಕೆ ಆಗಲೇ ಆರು ಸೆಟ್ ಕಳಿಸಿದೀರಲ್ಲ ಸಾ,” ಎಂದ ಪುಟ್ಟಸ್ವಾಮಣ್ಣ.

“ಅದು ಸ್ಯಾಂಪಲ್ಲು. ಅಂಗಡಿಯವರು ಬಿಡಲಿಲ್ಲ, ಏನು ಮಾಡೋದು?”

ಊರು ದಾಟಿದ ಮೇಲೆ ಭತ್ತ ಕುಯ್ದ ಗದ್ದೆಗಳು, ನಡುವೆ ಕಬ್ಬು. ತಗಡೂರಿನ ಕಡೆ ಹೋಗುವ ಬಸ್ಸೊಂದು ಕಾಲೇಜಿನ ಹುಡುಗಿಯರನ್ನು ತುಂಬಿಕೊಂಡು ವಾಲಿ ನಿಂತಿತ್ತು. ಎರಡು ಹಳ್ಳಿ ಕಳೆದು ನೇರ ರಸ್ತೆ ಸಿಕ್ಕಾಗ ಪುಟ್ಟಸ್ವಾಮಣ್ಣ, “ಈಗ ಪಳಗಿಸ್ಬೇಕು,” ಎಂದ. ಹೊಸ ಬಿಲ್ಲೆಯನ್ನು ಹಾಕಿದ ಕೂಡಲೇ ಘಟ್ಟಕ್ಕೆ ತೆಗೆದುಕೊಂಡು ಹೋಗಬಾರದು. ಬಿಲ್ಲೆಗೂ ತಟ್ಟೆಗೂ ಪರಿಚಯವಾಗಬೇಕು. ಅರವತ್ತರ ವೇಗದಿಂದ ಇಪ್ಪತ್ತಕ್ಕೆ ಇಳಿಸುವುದು, ಒಂದು ಫರ್ಲಾಂಗು ಸುಮ್ಮನೆ ಓಡಿಸಿ ಆರಲು ಬಿಡುವುದು, ಮತ್ತೆ ಇಳಿಸುವುದು. ಹೀಗೆ ಹತ್ತು ಹನ್ನೆರಡು ಸಲ.

“ಎಲ್ರೂ ಏನ್ಮಾಡ್ತಾರೆ ಗೊತ್ತಾ?” ಎಂದ. “ಹೊಸ್ದು ಆಕ್ಸ್ತಾರೆ, ಅವತ್ತೇ ಸಂಸಾರ ತುಂಬ್ಕೊಂಡು ಊಟಿಗೆ ಓಯ್ತಾರೆ. ಇಳಿಯಾವಾಗ ಪೆಡ್ಲು ಮೇಲಿಂದ ಕಾಲೇ ಎತ್ತಲ್ಲ. ಬ್ರೇಕು ಇರಾದು ನಿಲ್ಸಕೆ ಕಣವ್ವ, ಇಳಿಸಕಲ್ಲ. ಇಳಿಸಾದು ಗೇರು.”

ಏಳನೆಯ ಸಲ ತುಳಿದಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಹೊಸ ಬ್ರೇಕು ಪಳಗುವಾಗ ವಾಸನೆ ಬರುತ್ತದೆ, ಅದು ಸುಟ್ಟ ಕಾಗದದ ಹಾಗೆ. ಇದು ಹಾಗಿರಲಿಲ್ಲ. ಹುಳಿಹುಳಿಯಾಗಿ ಮೂಗಿಗೆ ಹತ್ತುವ, ಕಣ್ಣಲ್ಲಿ ನೀರು ತರಿಸುವ ವಾಸನೆ. ಒಲೆಯ ಬಾಗಿಲನ್ನು ಹೊತ್ತಿಗೆ ಮುಂಚೆ ತೆಗೆದರೆ ಮುಖಕ್ಕೆ ಹೊಡೆಯುವಂಥದು. ಮೀಟರಿನ ಮುಳ್ಳು ಇನ್ನೂ ನೂರಾ ಅರವತ್ತರಲ್ಲಿತ್ತು. ಪೂರ್ತಿ ಬೆಂದ ಬಿಲ್ಲೆ ಅಷ್ಟು ಬಿಸಿಗೆ ಆ ವಾಸನೆ ಬಿಡುವುದಿಲ್ಲ.

“ವಾಸ್ನೆ ಜಾಸ್ತಿ ಅಲ್ವಾ?” ಎಂದ ಪುಟ್ಟಸ್ವಾಮಣ್ಣ.

“ಹೊಸದಲ್ವಾ,” ಎಂದೆ.

ಅಷ್ಟು ಹೇಳಿ ಹೊರಗೆ ನೋಡುತ್ತಾ ಕೂತೆ. ನನಗೆ ಹದಿನೇಳನೇ ಬ್ಯಾಚು ನೆನಪಾಗಿತ್ತು.

ಮೂರು ವಾರದ ಹಿಂದಿನ ಮಾತು. ಬೆಳಗ್ಗೆ ಒಲೆಗೆ ಹೊಸ ಪಾಕದ ಅರವತ್ತು ಸೆಟ್ ಇಟ್ಟಿದ್ದೆ. ಐದು ಗಂಟೆ ಬೆಂದ ಮೇಲೆ ಕರೆಂಟು ಹೋಯಿತು. ಎರಡು ಗಂಟೆ ಬರಲಿಲ್ಲ, ಒಲೆ ತಣ್ಣಗಾಯಿತು. ನಡುವೆ ಆರಿದರೆ ಮೊದಲಿಂದ ಎಂಟು ಗಂಟೆ ಬೇಯಿಸಬೇಕು ಎಂದು ಗೋಡೆಯ ಮೇಲೆ ಬರೆದು ಹಾಕಿತ್ತು. ಹಾಗೆ ಮಾಡಿದ್ದರೆ ನನಗೆ ಊರಿನ ಕೊನೆಯ ರೈಲು ತಪ್ಪುತ್ತಿತ್ತು. ಉಳಿದ ಮೂರು ಗಂಟೆ ಬೇಯಿಸಿ, ಒಂದು ಬಿಲ್ಲೆ ತೆಗೆದು ಗಟ್ಟಿತನ ನೋಡಿದೆ. ಸರಿಯಾಗಿಯೇ ಇತ್ತು. ರಿಜಿಸ್ಟರಿನಲ್ಲಿ ‘ಎಂಟು ಗಂಟೆ, ಸತತ’ ಎಂದು ಬರೆದು ಸಹಿ ಹಾಕಿ ಸ್ಟೇಷನ್ನಿಗೆ ಓಡಿದ್ದೆ. ಆಮೇಲೆ ಆ ವಿಷಯವನ್ನು ಯೋಚಿಸಿರಲೂ ಇಲ್ಲ.

ಈ ಕಾರಿಗೆ ಹಾಕಿದ್ದು ಅದೇ ಬ್ಯಾಚೋ ಇನ್ನೊಂದೋ ತಿಳಿಯುವುದು ಕಷ್ಟವಿರಲಿಲ್ಲ. ಬಿಲ್ಲೆ ಬಂದ ರಟ್ಟಿನ ಡಬ್ಬಿ ಹಿಂದೆ ಡಿಕ್ಕಿಯಲ್ಲಿತ್ತು, ಅದರ ಮೇಲೆ ನಂಬರಿತ್ತು. ಕಾರು ನಿಲ್ಲಿಸಿ ಎಂದರೆ ಮುಗಿಯಿತು. ನಾನು ಹೇಳಲಿಲ್ಲ.

ನರಸೀಪುರದಲ್ಲಿ ಎಂಟೂವರೆಗೆ ತಿಂಡಿಗೆ ನಿಂತೆವು. ಬಸ್ ಸ್ಟ್ಯಾಂಡಿನ ಎದುರು ಆರು ಮೇಜಿನ ಹೋಟೆಲು. ಎರಡು ಇಡ್ಲಿ ನಾಲ್ಕು ರೂಪಾಯಿ, ಕಾಫಿ ಎರಡು. ಚಟ್ನಿ ಚೆನ್ನಾಗಿತ್ತು, ಪುಟ್ಟಸ್ವಾಮಣ್ಣ ಮೂರು ಸಲ ಹಾಕಿಸಿಕೊಂಡ. ಕೈತೊಳೆದು ಹೊರಗೆ ಬಂದಾಗ ಅವನು ಡಿಕ್ಕಿಯಿಂದ ನೀರಿನ ಕ್ಯಾನು ತೆಗೆಯುತ್ತಿದ್ದ. ಡಬ್ಬಿಯ ಒಂದು ಮೂಲೆ ಕಾಣಿಸಿತು. ನಾನು ಪಕ್ಕದ ಅಂಗಡಿಯ ರಸಬಾಳೆ ಗೊನೆ ನೋಡುತ್ತಾ ನಿಂತೆ.

ಮೂಗೂರು ದಾಟಿ ಕೊಳ್ಳೇಗಾಲ ತಲುಪುವಾಗ ಹತ್ತಕ್ಕೆ ಹತ್ತು ನಿಮಿಷ ಇತ್ತು. ಅಲ್ಲಿಂದಾಚೆ ಊರುಗಳು ವಿರಳವಾದವು, ಬಿಸಿಲು ಬಲಿಯಿತು. ರಸ್ತೆಯ ಎರಡೂ ಬದಿ ಹುಣಸೆ ಮರ. ನೆರಳಿಗೆ ನಿಂತ ಎಮ್ಮೆಗಳು ಹಾರನ್ನಿಗೂ ಅಲುಗಲಿಲ್ಲ. ಹನೂರಿನಲ್ಲಿ ಡೀಸೆಲ್ ಹಾಕಿಸಿ, ರೇಡಿಯೇಟರಿಗೆ ನೀರು ಕುಡಿಸಿದೆವು. ಪುಟ್ಟಸ್ವಾಮಣ್ಣ ಬಾನೆಟ್ ಎತ್ತಿ ಬ್ರೇಕ್ ಆಯಿಲ್ಲಿನ ಪುಟ್ಟ ಡಬ್ಬಿ ತೋರಿಸಿದ. “ಇದು ನೀರ ಕುಡೀತದೆ ಕಣವ್ವ, ಗಾಳೀಲಿರೋ ತೇವ. ಎರಡ್ ವರ್ಸ ಆದ್ಮೇಲೆ ಬದಲಾಯಿಸ್ದೆ ಇದ್ರೆ ಘಟ್ಟದಲ್ಲಿ ಕುದ್ದೋಯ್ತದೆ. ಆಗ ಪೆಡ್ಲು ಒತ್ತುದ್ರೆ ಹತ್ತಿ ಒತ್ತದಂಗೆ ಒಳೀಕೆ ಓಯ್ತದೆ. ಅದು ಒಂದು ತರ. ಪ್ಯಾಡು ಕೈ ಕೊಡಾದು ಇನ್ನೊಂದು ತರ. ಆಗ ಪೆಡ್ಲು ಕಲ್ಲಂಗೆ ನಿಂತಿರ್ತದೆ, ಗಾಡಿ ಮಾತ್ರ ನಿಲ್ಲಕಿಲ್ಲ.”

“ನಿಮಗೆ ಹಾಗಾಗಿತ್ತಾ?” ಎಂದು ಕೇಳಿದೆ.

“ಒಂದ್ಸಲ. ಬಸ್ಸು. ಒಳಗಡೆ ಐವತ್ತೆಂಟ್ ಜನ. ಬೆಟ್ಟದ ಕಡೀಕೆ ಉಜ್ಜಿ ನಿಲ್ಸ್ದೆ. ಯಾರ್ಗೂ ಏನೂ ಆಗ್ನಿಲ್ಲ, ಒಂದ್ ಅಜ್ಜೀಗೆ ಕೈ ಮುರೀತು.” ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, “ಆಸ್ಪತ್ರೇಲಿ ಆಯಮ್ಮ ನನ್ನೇ ಸಮಾಧಾನ ಮಾಡ್ತು,” ಎಂದ.

ತಾಳಬೆಟ್ಟದಲ್ಲಿ ಹರಕೆಯವರು ಚಪ್ಪಲಿ ಬಿಟ್ಟು ನಡೆಯಲು ಶುರುಮಾಡುತ್ತಿದ್ದರು. ಅಲ್ಲಿಂದ ಏರು. ಇಪ್ಪತ್ತೇಳು ತಿರುವು ಎಂದು ಪುಟ್ಟಸ್ವಾಮಣ್ಣ ಲೆಕ್ಕ ಹೇಳಿದ. ನಾನು ಎಣಿಸಲು ಹೋಗಿ ಹನ್ನೊಂದಕ್ಕೆ ತಪ್ಪಿದೆ. ಹತ್ತುವಾಗ ಬ್ರೇಕಿಗೆ ಕೆಲಸವಿಲ್ಲ, ಮೀಟರಿನ ಮುಳ್ಳು ಕೆಳಗೇ ಮಲಗಿತ್ತು. ಒಂದೊಂದು ತಿರುವಿನಲ್ಲೂ ಕೆಳಗಿನ ರಸ್ತೆ ಬಿಸಿಲಲ್ಲಿ ಬಿಳಿಯ ಪಟ್ಟಿಯಂತೆ ಕಾಣುತ್ತಿತ್ತು. ನಾನು ಹುಟ್ಟಿದ ಮೇಲೆ ಅಷ್ಟು ಎತ್ತರಕ್ಕೆ ಹೋಗಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡುತ್ತಿದ್ದೆ.

ಮೇಲೆ ತಲುಪಿದಾಗ ಹನ್ನೆರಡೂಕಾಲು. ಪುಟ್ಟಸ್ವಾಮಣ್ಣ ಮಾದಪ್ಪನ ಒಕ್ಕಲು, ದರ್ಶನಕ್ಕೆ ಹೊರಟ. ನಮ್ಮದು ಬುದ್ಧನನ್ನು ನಂಬಿದ ಮನೆ. “ನೀವು ಹೋಗಿ ಬನ್ನಿ, ನಾನು ಕಾರಿನ ಹತ್ತಿರ ಇರ್ತೀನಿ,” ಎಂದೆ. ಅವನು ಡಿಕ್ಕಿಯ ಕೀಲಿ ಕೈಗೆ ಕೊಟ್ಟು, “ಬುತ್ತಿ ತೆಕ್ಕಂಡು ನೆರಳಿಗೆ ಕೂತ್ಕೊ,” ಎಂದು ಹೋದ.

ಇನ್ನು ನೋಡದಿರಲು ಯಾವ ನೆಪವೂ ಉಳಿದಿರಲಿಲ್ಲ. ಡಿಕ್ಕಿ ತೆಗೆದೆ. ಡಬ್ಬಿ ಜಾಕಿಯ ಪಕ್ಕ ಮಗುಚಿ ಬಿದ್ದಿತ್ತು. ತಿರುಗಿಸಿದೆ. ಹದಿನೇಳು ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಬರಹ ನನ್ನದೇ, ಕೆಳಗೆ ನನ್ನದೇ ಸಹಿ.

ಡಬ್ಬಿಯನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಪಕ್ಕದಲ್ಲಿ ಒಂದು ಕುಟುಂಬ ಟೆಂಪೋದಿಂದ ಇಳಿದು ಮುಡಿ ಕೊಡಲು ಸರತಿಯ ಮಾತಾಡುತ್ತಿತ್ತು. ಈ ಡಬ್ಬಿಯನ್ನು ಕಸದ ತೊಟ್ಟಿಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಸಲ ಅನ್ನಿಸಿತು. ಅದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಆದರೆ ಇಪ್ಪತ್ತೇಳು ತಿರುವನ್ನೂ ಇಳಿಯಬೇಕಾದವನು ಈಗ ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ನನಗೂ ಒಂದು ಪೊಟ್ಟಣ ಪ್ರಸಾದ ಹಿಡಿದು ಬರುತ್ತಾನೆ ಎಂದು ನೆನೆದಾಗ ಆ ಯೋಚನೆಯನ್ನು ಬಿಟ್ಟುಬಿಟ್ಟೆ.

ಹಾಗೆಯೇ ಬಂದ. ದಾಸೋಹದಲ್ಲಿ ಊಟ ಮಾಡಿ, ನನಗೆ ಲಾಡು ತಂದಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಕರೆಂಟು ಹೋದದ್ದು, ರೈಲು, ರಿಜಿಸ್ಟರು, ಡಬ್ಬಿ. ಅವನು ಕೇಳುತ್ತಾ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

“ಯಾವಾಗಿಂದ ಗೊತ್ತು ನಿಂಗೆ?”

“ವಾಸನೆ ಬಂದಾಗಿಂದ ಅನುಮಾನ.”

“ಅಂದ್ರೆ ನರಸೀಪುರ್ಕೂ ಮುಂಚೆ.”

“ಹೂಂ.”

“ಅಲ್ಲಿ ಎದುರುಬದುರು ಕೂತು ಇಡ್ಲಿ ತಿಂದ್ವಲ್ಲ. ಆಗ ಬಾಯಿ ಇತ್ತಲ್ಲವ್ವ ನಿಂಗೆ?”

ಅವನು ದನಿ ಏರಿಸಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾರನ್ನು ಒಂದು ಸುತ್ತು ಹಾಕಿ ಬಂದ. ಮುಂದಿನ ಸೀಟಿನ ಕೆಳಗೆ ಕೈಹಾಕಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತೆಗೆದ. ಬೆಳಗ್ಗೆ ಕಾರಿನಿಂದ ಬಿಚ್ಚಿದ ಹಳೆಯ ಬಿಲ್ಲೆಗಳು, ಸವೆದಿದ್ದರೂ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿದ್ದವು. “ಹೊಸ ನೆಂಟಸ್ತಿಕೆ ಆಯ್ತು ಅಂತ ಹಳೇರ್ನ ಬುಟ್ಬುಡಕಾಯ್ತದಾ?” ಎಂದ.

“ಇವ್ನ ಆಕ್ಕೊಂಡು ಇಳಿಯಾದೇ ಬುದ್ಧಿ,” ಎಂದು ಅವನು ಗಂಟನ್ನು ಸೀಟಿನ ಮೇಲಿಟ್ಟ. “ಆದ್ರೆ ವಾಸ್ನೆ ಬಂತು, ಡಬ್ಬಿ ನೋಡುದ್ವು ಅಂದ್ರೆ ಸಾ ಏನಂತಾರೆ? ಎಷ್ಟು ಬಿಸೀಲಿ ಬುಡ್ತದೆ ಅಂತ ಕೇಳ್ತಾರೆ. ನರಸೀಪುರದ ಅಂಗ್ಡಿಗೆ ಓಗಿರಾದು ಇದೇ ಮಾಲು ಅಲ್ವಾ?”

“ಅದೇ. ಆ ಆರು ಸೆಟ್ಟೂ ಹದಿನೇಳೇ.”

“ಹಂಗಾರೆ ಗೊತ್ತಾಗ್ಲೇಬೇಕು.” ಅವನು ಕೆಳಗಿನ ರಸ್ತೆಯ ಕಡೆ ಕೈ ತೋರಿಸಿದ. “ಎರಡ್ ಮೈಲಿ ಆದ್ಮೇಲೆ ಒಂದು ನೇರ ಇಳಿಜಾರು ಅದೆ. ಅದರ ಬುಡದಲ್ಲಿ ರಸ್ತೆ ತಿರ್ಗಾ ಏರ್ತದೆ. ಬ್ರೇಕು ಇಲ್ದಿದ್ರೂ ಗಾಡಿ ತಾನೇ ನಿಲ್ತದೆ. ಅಲ್ಲೀಗಂಟ ಗೇರಲ್ಲೇ ಓಗಾದು, ಅಲ್ಲಿ ನೋಡಾದು, ಆಮೇಲೆ ಬಿಚ್ಚಾಕಾದು. ನೀನು ಇಲ್ಲೇ ಇಳ್ಕೊಂಡಿರು. ನಾನೊಬ್ನೇ ನೋಡ್ಕ ಬತ್ತೀನಿ.”

“ಮೀಟರ್ ಯಾರು ನೋಡ್ತಾರೆ?” ಎಂದೆ.

ಅವನು ನನ್ನ ಮುಖವನ್ನೊಮ್ಮೆ ನೋಡಿ, ನನ್ನ ಕಡೆಯ ಬಾಗಿಲು ತೆಗೆದ.

ಎರಡನೇ ಗೇರಿನಲ್ಲಿ, ಎತ್ತಿನ ಗಾಡಿಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಹೊರಟೆವು. ಇಂಜಿನ್ ಗೊರಗೊರ ಎನ್ನುತ್ತಾ ಕಾರನ್ನು ಹಿಂದಕ್ಕೆ ಎಳೆದು ಹಿಡಿದಿತ್ತು. ಹಿಂದೆ ಬಂದ ಬಸ್ಸಿನವನು ಹಾರನ್ ಹೊಡೆದು ಹೊಡೆದು ಕೊನೆಗೆ ದಾಟಿಕೊಂಡು ಹೋದ. ನೇರ ಇಳಿಜಾರಿನ ತಲೆಯಲ್ಲಿ ಪುಟ್ಟಸ್ವಾಮಣ್ಣ ಪಕ್ಕಕ್ಕೆ ನಿಲ್ಲಿಸಿದ. ಮುಂದೆ ರಸ್ತೆ ಖಾಲಿ. ಕೆಳಗೆ ಅದು ಮತ್ತೆ ಏರುವುದು ಕಾಣುತ್ತಿತ್ತು.

“ನಂಬರ್ ಕೂಗ್ತಾ ಇರು,” ಎಂದ.

ಮೂರನೇ ಗೇರು. ಐವತ್ತಕ್ಕೆ ಬಿಟ್ಟು ಇಪ್ಪತ್ತೈದಕ್ಕೆ ಹಿಡಿದ. “ನೂರಾ ಎಂಬತ್ತು,” ಎಂದೆ. ಮತ್ತೆ ಬಿಟ್ಟ, ಮತ್ತೆ ಹಿಡಿದ. “ಇನ್ನೂರ ಹದಿನೈದು.” ವಾಸನೆ ಬಂತು. ಮತ್ತೊಮ್ಮೆ. “ಇನ್ನೂರ ನಲವತ್ತೈದು.” ಈ ಸಲ ಕಾರು ಹಿಡಿದುಕೊಳ್ಳಲು ಸ್ವಲ್ಪ ತಡಮಾಡಿತು. ನಾಲ್ಕನೆಯ ಸಲ ತುಳಿದಾಗ ಅವನ ಮೊಣಕಾಲು ನೆಟ್ಟಗಾಗಿ, ಬೆನ್ನು ಸೀಟಿಗೆ ಒತ್ತಿಕೊಂಡಿತು. ಪೆಡಲು ಅಲುಗಲಿಲ್ಲ. ಕಾರು ಓಡುತ್ತಲೇ ಇತ್ತು. ಹಿಂದಿನ ಗಾಲಿಗಳು ಕಿರುಗುಟ್ಟುತ್ತಾ ಹಿಡಿಯಲು ನೋಡುತ್ತಿದ್ದವು. ಮುಂದಿನವು ಬೆಣ್ಣೆಯ ಮೇಲೆ ಕೂತ ಹಾಗೆ ಜಾರುತ್ತಿದ್ದವು. ನಾನು ಮೀಟರಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದಿದ್ದರೆ ಕೂಗಿಬಿಡುತ್ತಿದ್ದೆನೇನೋ.

“ಎಷ್ಟು?”

“ಎಡ ಇನ್ನೂರ ಎಂಬತ್ತು. ಬಲ ಇನ್ನೂರ ಎಪ್ಪತ್ತು.”

ಅವನು ಪೆಡಲು ಬಿಟ್ಟು, ಎರಡನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದ. ಇಂಜಿನ್ ಕಿರುಚಿತು. ಇಳಿಜಾರಿನ ಬುಡ ಬಂತು, ದಾಟಿತು, ರಸ್ತೆ ಏರಿತು. ಕಾರು ದಣಿದ ದನದ ಹಾಗೆ ನಿಧಾನವಾಗಿ ನಿಂತಿತು. ಅವನು ಇಳಿದು ಹಿಂದಿನ ಗಾಲಿಗಳಿಗೆ ಎರಡು ಕಲ್ಲು ಕೊಟ್ಟ. ಮುಂದಿನ ಎರಡೂ ಗಾಲಿಗಳಿಂದ ನೀಲಿ ಹೊಗೆ ಏಳುತ್ತಿತ್ತು.

“ಬರ್ಕೊಂಡ್ಯಾ?” ಎಂದ.

ಬರೆದುಕೊಂಡಿದ್ದೆ. ಆಮೇಲೆ ನೋಡಿದರೆ ಕೊನೆಯ ಎರಡು ಅಂಕಿಗಳು ನನ್ನ ಅಕ್ಷರದಂತೆಯೇ ಇರಲಿಲ್ಲ.

ಕಾದ ತಟ್ಟೆಗೆ ನೀರು ಹಾಕಬಾರದು, ಸೊಟ್ಟಗಾಗುತ್ತದೆ. ಅದು ತಾನಾಗಿ ಆರುವವರೆಗೆ ಮುಕ್ಕಾಲು ಗಂಟೆ ಒಂದು ಬಾಗೆ ಮರದ ಕೆಳಗೆ ಕೂತೆವು. ಕೋತಿಯೊಂದು ಬಂದು ಲಾಡು ಒಯ್ದಿತು. ಆರಿದ ಮೇಲೆ ಜಾಕಿ ಕೊಟ್ಟು ಗಾಲಿ ಬಿಚ್ಚಿದ. ಎರಡು ಪಿನ್ನು ಹೊಡೆದರೆ ಬಿಲ್ಲೆ ಹೊರಗೆ ಬರುತ್ತದೆ. ಅಂಗೈಯಲ್ಲಿಟ್ಟು ನನ್ನ ಕಡೆ ಚಾಚಿದ. ಒರಟಾಗಿ ಬೂದಿ ಬಣ್ಣಕ್ಕಿರಬೇಕಾದ ಮೈ ಕರ‍್ರಗೆ ಗಾಜಿನಂತೆ ಹೊಳೆಯುತ್ತಿತ್ತು. ಬೇಯದೆ ಉಳಿದ ರಾಳ ಬಿಸಿಗೆ ಒಸರಿ ಮೇಲೆ ಬಂದು ಪೊರೆ ಕಟ್ಟಿತ್ತು.

“ಪಾಕ ಕೆಟ್ಟಿಲ್ಲ ಬುಡು,” ಎಂದ ಪುಟ್ಟಸ್ವಾಮಣ್ಣ. “ಬೇಯ್ಸಿದ್ರೆ ನಿಲ್ತಿತ್ತು.”

ಹಳೆಯ ಬಿಲ್ಲೆ ಹಾಕಿಕೊಂಡು ಮಿಕ್ಕ ಬೆಟ್ಟ ಇಳಿದೆವು. ತಾಳಬೆಟ್ಟಕ್ಕೆ ಬಂದಾಗ ಮೂರೂವರೆ. ಕೊಳ್ಳೇಗಾಲದಲ್ಲಿ ಅವನು ಎರಡು ಎಳನೀರು ಕೊಚ್ಚಿಸಿ ಒಂದನ್ನು ನನ್ನ ಕೈಗೆ ಕೊಟ್ಟ. ಅಷ್ಟರಿಂದಲೇ ನನಗೆ ಸ್ವಲ್ಪ ಹಗುರಾಯಿತು.

ನರಸೀಪುರದ ಅಂಗಡಿಯವರು ಸಂಜೆಯ ಊದುಬತ್ತಿ ಹಚ್ಚುತ್ತಿದ್ದರು. ಹದಿನೇಳನೇ ನಂಬರಿನ ಐದು ಡಬ್ಬಿ ಅಟ್ಟಣಿಗೆಯ ಮೇಲೇ ಇದ್ದವು. ಆರನೆಯದು?

“ನಮ್ ಟ್ಯಾಕ್ಸಿ ರೇವಣ್ಣ ಹಾಕ್ಸ್ದ, ಮೂರು ದಿನ ಆಯ್ತು. ಯಾಕೆ?”

ಕಾರಣ ಕೇಳಿ ಅವರು ಊದುಬತ್ತಿ ಹಿಡಿದೇ ಹೊರಗೆ ಬಂದರು. ರೇವಣ್ಣ ಈ ಹೊತ್ತಿನಲ್ಲಿ ಹೊಳೆಯ ಹತ್ತಿರ ಗಾಡಿ ತೊಳೆಯುತ್ತಿರುತ್ತಾನೆ ಎಂದು ದಾರಿ ಹೇಳಿ, ನಮ್ಮದೇ ಹಳೆಯ ಪಾಕದ ಒಂದು ಸೆಟ್ ತೆಗೆದುಕೊಟ್ಟರು.

ಕಪಿಲೆ ಹೋಗಿ ಕಾವೇರಿಗೆ ಸೇರುವ ಜಾಗದಿಂದ ಸ್ವಲ್ಪ ಈಚೆಗೆ, ನೀರಿನ ಅಂಚಿನಲ್ಲಿ ಕಪ್ಪು ಹಳದಿ ಅಂಬಾಸಿಡರ್ ನಿಂತಿತ್ತು. ರೇವಣ್ಣನಿಗೆ ಮೂವತ್ತೈದಿರಬಹುದು. ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಬಕೆಟ್ಟಿನಿಂದ ನೀರೆರಚುತ್ತಿದ್ದ. ಪುಟ್ಟಸ್ವಾಮಣ್ಣ ವಿಷಯ ಹೇಳಿದ.

“ಏನಣ್ಣ, ಚೆನ್ನಾಗಿ ಹಿಡೀತಾ ಅದಲ್ಲ!” ಎಂದ ರೇವಣ್ಣ. “ಇದ್ನ ಬಿಚ್ಸ್ಬುಟ್ಟು ಬೇರೆ ಮಾಲು ಮಾರಕೆ ಬಂದಿದೀರಾ? ನಂಗೆ ನಾಳೆ ಬೆಳಗ್ಗೆ ಐದಕ್ಕೆ ಊಟಿ ಬಾಡಿಗೆ ಅದೆ. ದೊಡ್ಡೋರು ಐದ್ ಜನ, ಎರಡ್ ಮಕ್ಳು. ಈಗ ಬಿಚ್ಚಾಕಾಗಕಿಲ್ಲ.”

“ಊರೊಳಗೆ ಹಿಡಿಯುತ್ತೆ,” ಎಂದೆ ನಾನು. “ಬೆಟ್ಟದಲ್ಲಿ ಬಿಡುತ್ತೆ.” ಬಿಲ್ಲೆ ಸುತ್ತಿಟ್ಟಿದ್ದ ಗಂಟು ಬಿಚ್ಚಿ, ಅದರ ಹೊಳೆಯುವ ಮೈ ತೋರಿಸಿದೆ. “ಇದನ್ನ ಒಲೆಯಲ್ಲಿ ಬೇಯಿಸೋಳು ನಾನೇ. ಎಂಟು ಗಂಟೆ ಒಂದೇ ಸಮ ಬೇಯಿಸಬೇಕಿತ್ತು. ನಡುವೆ ಆರಿಹೋಗಿತ್ತು. ಪೂರ್ತಿ ಬೆಂದಿದೆ ಅಂತ ನಾನು ಸುಳ್ಳು ಬರೆದೆ.”

ರೇವಣ್ಣ ಬಿಲ್ಲೆಯನ್ನು ತೆಗೆದುಕೊಂಡು ಉಗುರಿನಿಂದ ಕೆರೆದು ನೋಡಿದ. ಪುಟ್ಟಸ್ವಾಮಣ್ಣನ ಕಡೆ ತಿರುಗಿದ. “ಈಯಮ್ಮ ಹೇಳಾದು ನಿಜವಾ?”

“ಇವತ್ತು ಅದ್ರ ಮೇಲೇ ಬೆಟ್ಟ ಇಳ್ದಿವ್ನಿ ಕಣ್ಲಾ. ನಿಲ್ನಿಲ್ಲ.”

ರೇವಣ್ಣ ಬಕೆಟ್ಟು ಕೆಳಗಿಟ್ಟ. ಮತ್ತೆ ನನ್ನ ಕಡೆ ನೋಡಿ, “ಬರೆಯೋವಾಗ ನಿಮ್ಗೆ ಯಾರ್ ಮಖನೂ ಕಾಣ್ನಿಲ್ವಾ?” ಎಂದ.

ಕಂಡಿರಲಿಲ್ಲ. ಅವನು ಉತ್ತರಕ್ಕೆ ಕಾಯದೆ ಡಿಕ್ಕಿಯಿಂದ ಜಾಕಿ ತಂದ. ಗಂಡಸರಿಬ್ಬರೂ ಒಂದೊಂದು ಗಾಲಿ ಹಿಡಿದರು, ನಾನು ಬೋಲ್ಟುಗಳನ್ನು ಸೆರಗಿನಲ್ಲಿ ಹಿಡಿದುಕೊಂಡು ಕೂತೆ. ಹೊತ್ತು ಮುಳುಗುವ ಮುಂಚೆ ಕೆಲಸ ಮುಗಿಯಿತು. ಹೊರಡುವಾಗ ಪುಟ್ಟಸ್ವಾಮಣ್ಣ ಅವನಿಗೆ, “ಮನೇಗೆ ಓಗಾವಾಗ ಹತ್ತು ಸಲ ಹಿಡ್ದು ಬುಟ್ಟು ಪಳಗಿಸ್ಕೊ. ನಾಳೆ ಇಳಿಯಾವಾಗ ಎರಡನೇ ಗೇರು,” ಎಂದ. ರೇವಣ್ಣ ತಲೆಯಾಡಿಸಿದ.

ನಂಜನಗೂಡಿಗೆ ಬಂದಾಗ ಏಳು ದಾಟಿತ್ತು. ಶ್ರೀಕಂಠಯ್ಯನವರು ಗೇಟಿನಲ್ಲೇ ಕಾಯುತ್ತಿದ್ದರು. ನಾನು ಬರೆದ ಹಾಳೆಯನ್ನು ಗೇಟಿನ ದೀಪದ ಕೆಳಗೆ ನಿಂತೇ ಓದಿದರು. ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ಇಳಿದುಹೋಯಿತು.

“ಇನ್ನೂರ ಎಂಬತ್ತಕ್ಕೇ ಹೋಯಿತಾ? ಹಾಗಾದರೆ ಪಾಕದಲ್ಲೇ ತಪ್ಪಿದೆ. ರಾಳದ ಅಳತೆ ಬದಲಾಯಿಸಿದ್ದು ನಾನೇ. ಎರಡು ವರ್ಷ...” ಎಂದು ನಿಲ್ಲಿಸಿದರು.

ಪುಟ್ಟಸ್ವಾಮಣ್ಣ ಕಾರಿನ ಗಾಜು ಒರೆಸುತ್ತಾ ನಿಂತಿದ್ದ. ನನ್ನ ಪರವಾಗಿ ಅವನು ಬಾಯಿ ಬಿಡುವುದಿಲ್ಲ ಎಂದು ತಿಳಿಯಿತು.

“ಪಾಕ ಸರಿಯಾಗಿದೆ ಸಾರ್. ತಪ್ಪಿದ್ದು ಒಲೆ,” ಎಂದೆ. ಮೂರನೆಯ ಸಲ ಅದೇ ಮಾತುಗಳನ್ನು ಹೇಳಿದೆ. ಪ್ರತಿ ಸಲವೂ ಅವು ಅಷ್ಟೇ ಭಾರವಾಗಿದ್ದವು.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ರಾತ್ರಿ ಒಲೆ ನೋಡಿಕೊಳ್ಳೋಕೆ ಇನ್ನೊಬ್ಬರು ಬೇಕು ಅಂತ ಯಾಕೆ ಕೇಳಲಿಲ್ಲ?” ಎಂದರು. ಆಮೇಲೆ ತಾವೇ, “ನಾನು ಯಾಕೆ ಇಡಲಿಲ್ಲ ಅಂತಲೂ ಕೇಳಬೇಕು,” ಎಂದರು. ಉಗ್ರಾಣಕ್ಕೆ ಹೋಗಿ ಬೀಗ ಹಾಕಿ ಬಂದರು. “ನಾಳೆಯಿಂದ ಒಲೆಯ ಹತ್ತಿರ ಹೋಗಬೇಡಿ. ತೂಕದ ಕೋಣೆಯಲ್ಲಿ ಕೂತುಕೊಳ್ಳಿ. ಈ ವರದಿಯನ್ನು ನೀವೇ ಪೂರ್ತಿ ಬರೆಯಿರಿ, ಏನೂ ಬಿಡಬೇಡಿ.”

ತೂಕದ ಕೋಣೆಯಲ್ಲಿ ಐದು ತಿಂಗಳು ಕೂತೆ. ಹದಿನೇಳನೇ ಬ್ಯಾಚಿನಲ್ಲಿ ಉಗ್ರಾಣದಲ್ಲಿ ಉಳಿದಿದ್ದ ಸೆಟ್ಟುಗಳನ್ನೂ ಅಂಗಡಿಯಿಂದ ತಂದವನ್ನೂ ಮರುದಿನ ಅಂಗಳದಲ್ಲಿ ಸುತ್ತಿಗೆಯಿಂದ ಒಡೆದವರಲ್ಲಿ ನಾನೂ ಒಬ್ಬಳು. ಒಲೆಗೆ ರಾತ್ರಿ ಪಾಳಿಯವರೊಬ್ಬರು ಬಂದರು. ಅದೇ ಪಾಕ, ಪೂರ್ತಿ ಬೆಂದದ್ದು, ಮಳೆಗಾಲ ಕಳೆದ ಮೇಲೆ ಬೆಟ್ಟ ಇಳಿದು ಪಾಸಾಯಿತು. ಆ ಪ್ರಯಾಣಕ್ಕೆ ನನ್ನನ್ನು ಕಳಿಸಲಿಲ್ಲ.

ಆ ಸಂಜೆ ಪುಟ್ಟಸ್ವಾಮಣ್ಣ ನನ್ನನ್ನು ಕಾರಿನಲ್ಲೇ ಸ್ಟೇಷನ್ನಿಗೆ ಬಿಟ್ಟ. ರೈಲು ಬರುವವರೆಗೆ ಹೊರಗೆ ನಿಂತಿದ್ದು, ಕೂಗು ಕೇಳಿದ ಮೇಲೆ ಗಾಡಿ ತಿರುಗಿಸಿಕೊಂಡು ಹೋದ. ಬದನವಾಳಿನಲ್ಲಿ ಇಳಿದು ಮನೆಗೆ ಬಂದರೆ ಅವ್ವ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಖಾದಿ ಕೇಂದ್ರದಲ್ಲಿ ದಿನವಿಡೀ ನೂತು ಬಂದ ಮೇಲೆ ಅವಳು ಕೂರುವುದೇ ಹಾಗೆ. ನನ್ನ ಮುಖ ನೋಡಿ, “ಏನಾಯ್ತವ್ವ?” ಎಂದಳು. ಪಕ್ಕದಲ್ಲಿ ಕೂತು ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದೆ.

“ಊಟಿಗೆ ಓಗೋರು,” ಎಂದಳು ಕೊನೆಗೆ. “ಆ ಮಕ್ಳು. ನಾಳೀಕೆ ಓಯ್ತಾರಂತಾ?”

“ಹೋಗ್ತಾರೆ. ಬೆಳಗ್ಗೆ ಐದಕ್ಕೆ.”

“ಬ್ರೇಕು ಬದಲಾಯ್ಸದ್ನ ನಿನ್ ಕಣ್ಣಾರೆ ನೋಡುದ್ಯಾ?”

“ಬೋಲ್ಟು ನನ್ನ ಸೆರಗಲ್ಲೇ ಇದ್ವು ಅವ್ವ.”

“ಹಂಗಾರೆ ಏಳು,” ಎಂದು ಅವ್ವ ನನ್ನ ಭುಜ ಹಿಡಿದುಕೊಂಡು ಎದ್ದಳು. “ಕೈಕಾಲ್ ತೊಳ್ಕೊ. ಮುದ್ದೆ ಆರೋಯ್ತದೆ.”